ವರ್ಷಗಟ್ಟಲೆ ನಿಂತ ಕಾರಿಗೆ ಮೊದಲ ಸೆಲ್ಫ್

ವರ್ಷಗಟ್ಟಲೆ ಅಲುಗದೆ ನಿಂತ ಕಾರಿನ ಎಂಜಿನ್ನಿಗೆ ಅತಿ ದೊಡ್ಡ ಪೆಟ್ಟು ಬೀಳುವುದು ಅದನ್ನು ಮತ್ತೆ ಚಾಲು ಮಾಡುವ ಮೊದಲ ಅರ್ಧ ನಿಮಿಷದಲ್ಲಿ. ಸಿಲಿಂಡರಿನ ಗೋಡೆಗೆ ಹಿಡಿದ ತೆಳು ತುಕ್ಕನ್ನು ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಕೈಯಿಂದ ತಿರುಗಿಸಿ ಬಿಡಿಸಬಹುದು. ಅದೇ ತುಕ್ಕಿನ ಮೇಲೆ ಹೊಸ ಬ್ಯಾಟರಿಯ ಜೋರಿನಲ್ಲಿ ಪಿಸ್ಟನ್ ಎಳೆದಾಡಿದರೆ ರಿಂಗ್ ಮುರಿಯುತ್ತದೆ, ಸಿಲಿಂಡರಿಗೆ ಗೀರು ಬೀಳುತ್ತದೆ. ಆಮೇಲೆ ಎಂಜಿನ್ ಬ್ಲಾಕನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಒಯ್ದು ಬೋರ್ ಮಾಡಿಸದೆ ಬೇರೆ ದಾರಿಯಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಇಂಥ ಕಾರುಗಳಿಗೆ ಬರವಿಲ್ಲ. ಹತ್ತಿಗೋ ಕಬ್ಬಿಗೋ ಒಳ್ಳೆಯ ಬೆಲೆ ಬಂದ ವರ್ಷ ಕೊಂಡ ಅಂಬಾಸಿಡರ್, ಪೇಟೆಗೆ ಓಡಾಡಲೆಂದು ತಂದ ಮಾರುತಿ 800, ಹುಣ್ಣಿಮೆ ಬಂದಾಗಲೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆ ಹೊಡೆದು ದಣಿದ ಟ್ರ್ಯಾಕ್ಸ್. ಮನೆಯ ಹಿರಿಯರು ತೀರಿಕೊಂಡ ಮೇಲೆ, ಮಕ್ಕಳು ಪುಣೆ-ಬೆಂಗಳೂರು ಸೇರಿದ ಮೇಲೆ, ಇಲ್ಲವೇ ಅಣ್ಣತಮ್ಮಂದಿರ ಪಾಲು ಬಗೆಹರಿಯದೆ ಅವು ನಿಂತಲ್ಲೇ ನಿಂತುಬಿಡುತ್ತವೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲೇ ನಿಂತಿದೆ. ಹಾಗಾಗಿ ಇವುಗಳಲ್ಲಿ ತೀರ ಕಿರಿಯದಕ್ಕೂ ಈಗ ಹತ್ತು ವರ್ಷದ ಮೇಲಾಗಿದೆ.

ಎಂಜಿನ್ ಓಡುವಾಗ ಆಯಿಲ್ ಪಂಪು ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್‌ಗಳಿಗೂ ಕ್ಯಾಮಿಗೂ ಒತ್ತಡದಲ್ಲಿ ಎಣ್ಣೆ ಉಣಿಸುತ್ತಿರುತ್ತದೆ. ನಿಂತ ಮೇಲೆ ಆ ಎಣ್ಣೆ ಮೆಲ್ಲಗೆ ಕೆಳಗಿನ ಸಂಪಿಗೆ ಇಳಿದುಹೋಗುತ್ತದೆ, ಗೋಡೆಗಳು ಒಣಗುತ್ತವೆ. ಯಾವ ಎಂಜಿನ್ ನಿಂತರೂ ಅದರ ಒಂದೆರಡು ಸಿಲಿಂಡರುಗಳಲ್ಲಿ ವಾಲ್ವ್ ತೆರೆದೇ ಇರುತ್ತದೆ. ಸೈಲೆನ್ಸರಿನಿಂದಲೂ ಏರ್ ಫಿಲ್ಟರಿನಿಂದಲೂ ಒಳಬಂದ ಮಳೆಗಾಲದ ಒದ್ದೆ ಗಾಳಿ ಆ ಸಿಲಿಂಡರುಗಳಿಗೆ ನೇರವಾಗಿ ತಾಗುತ್ತದೆ. ಒಂದೇ ಎಂಜಿನ್ನಿನಲ್ಲಿ ಎರಡು ಸಿಲಿಂಡರು ಕನ್ನಡಿಯಂತಿದ್ದು ಮೂರನೆಯದರಲ್ಲಿ ಪಿಸ್ಟನ್ ಜಾಮ್ ಆಗಿರುವುದಕ್ಕೆ ಕಾರಣ ಇದೇ. ಸಂಪಿನಲ್ಲಿ ಉಳಿದ ಹಳೆಯ ಎಣ್ಣೆಯೂ ಸುಮ್ಮನಿರುವುದಿಲ್ಲ. ಓಡಿದ ಕಾಲದಲ್ಲಿ ಅದರೊಳಗೆ ಸೇರಿದ ಆಮ್ಲ ಮತ್ತು ನೀರಿನಂಶ ಬೇರಿಂಗಿನ ಮೆದು ಲೋಹವನ್ನು ನಿಧಾನವಾಗಿ ತಿನ್ನುತ್ತದೆ.

ಕಾರು ಎಷ್ಟು ವರ್ಷ ನಿಂತಿತ್ತು ಎಂಬುದಕ್ಕಿಂತ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಲೆನಾಡಿನ ಸೆರಗಿಗೆ ಹತ್ತಿರವಿರುವ ಕಿತ್ತೂರಿನ ಕಡೆ ಮಳೆಯೂ ತೇವವೂ ಹೆಚ್ಚು; ಪೂರ್ವಕ್ಕೆ ಸವದತ್ತಿ, ರಾಮದುರ್ಗದತ್ತ ಸರಿದಂತೆ ಒಣ ಹವೆ. ರಾಮದುರ್ಗದ ಕಲ್ಲಿನ ಗೋದಾಮಿನಲ್ಲಿ ಹತ್ತು ವರ್ಷ ನಿಂತ ಎಂಜಿನ್, ಕಿತ್ತೂರಿನ ಕಡೆ ಹರಿದ ತಾಡಪತ್ರಿಯ ಕೆಳಗೆ ಮೂರು ಮಳೆಗಾಲ ಕಂಡ ಎಂಜಿನ್ನಿಗಿಂತ ಗಟ್ಟಿಯಾಗಿರಬಹುದು. ಒಣ ಹವೆಯ ತೊಂದರೆ ಬೇರೆ ಬಗೆಯದು: ಬೇಸಿಗೆಯ ಬಿಸಿಲಿಗೆ ರಬ್ಬರಿನ ನಳಿಕೆ, ಬೆಲ್ಟು, ಸೀಲುಗಳು ಬಿರಿಯುತ್ತವೆ, ಎರೆಮಣ್ಣಿನ ನುಣುಪು ಧೂಳು ಸಂದಿಗೊಂದಿಗಳಲ್ಲಿ ಕೂರುತ್ತದೆ.

ದನದ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿದ್ದರೆ ರೇಡಿಯೇಟರನ್ನೂ ವೈರಿಂಗನ್ನೂ ವಿಶೇಷವಾಗಿ ನೋಡಬೇಕು. ಗಂಜಲದಿಂದ ಏಳುವ ಅಮೋನಿಯ ತಾಮ್ರ ಮತ್ತು ಹಿತ್ತಾಳೆಯ ಶತ್ರು. ಬ್ರಿಟಿಷರ ಕಾಲದ ಭಾರತದ ಸೈನ್ಯಕ್ಕೆ ಇದರ ಬಿಸಿ ಚೆನ್ನಾಗಿ ತಟ್ಟಿತ್ತು. ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಲಾಯದ ಅಮೋನಿಯವೇ ಕಾರಣ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಅಂಬಾಸಿಡರ್ ಪೀಳಿಗೆಯ ಕಾರುಗಳ ರೇಡಿಯೇಟರು ಹಿತ್ತಾಳೆ-ತಾಮ್ರದ್ದೇ. ಪಕ್ಕದಲ್ಲಿ ಗೊಬ್ಬರದ ಚೀಲ ಪೇರಿಸಿದ್ದರಂತೂ ಉಪ್ಪಿನ ಅಂಶ ತೇವ ಹೀರಿ, ತಗುಲಿದ ಕಬ್ಬಿಣವನ್ನೆಲ್ಲ ತಿಂದಿರುತ್ತದೆ.

ಜೋಳದ ಚೀಲ, ಕಣಕಿಯ ಬಣವೆ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಏರ್ ಫಿಲ್ಟರಿನ ಡಬ್ಬಿ ಇಲಿಗೆ ಹೇಳಿ ಮಾಡಿಸಿದ ಮನೆ. ಅಲ್ಲಿ ಹತ್ತಿ, ಹೊಟ್ಟು, ಕಾಳು ತುಂಬಿದ್ದನ್ನು ತೆಗೆಯದೆ ಎಂಜಿನ್ ಚಾಲು ಮಾಡಿದರೆ ಎಲ್ಲವೂ ಸಿಲಿಂಡರಿಗೆ ಹೋಗುತ್ತದೆ. ಕಡಿದ ವೈರುಗಳು ಒಂದಕ್ಕೊಂದು ತಾಗಿದರೆ ಬ್ಯಾಟರಿ ಜೋಡಿಸಿದ ಕ್ಷಣವೇ ಬೆಂಕಿ. ಇಲಿಯ ಹಿಂದೆ ಹಾವು ಬರುತ್ತದೆ. ಬಾನೆಟ್ಟಿನ ಕೆಳಗೆ, ಸೀಟಿನ ಅಡಿಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟುವುದು ಅತಿ ಎಚ್ಚರವೇನಲ್ಲ. ಸೈಲೆನ್ಸರಿನ ಬಾಯಿಯಲ್ಲಿ, ಟ್ಯಾಂಕಿನ ಗಾಳಿಕೊಳವೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಗಾಳಿಕೊಳವೆ ಮುಚ್ಚಿದ ಕಾರು ಒಂದೆರಡು ಕಿಲೋಮೀಟರ್ ಓಡಿ, ಪೆಟ್ರೋಲ್ ಎಳೆಯಲಾಗದೆ ನಿಂತುಬಿಡುತ್ತದೆ. ಮಿಸ್ತ್ರಿ ಆಗ ಕಾರ್ಬುರೇಟರ್ ಬಿಚ್ಚಿ ಹುಡುಕುತ್ತಾ ಕೂರುತ್ತಾನೆ.

ನೆರೆಯಲ್ಲಿ ಮುಳುಗಿದ್ದ ಕಾರಿನ ಲೆಕ್ಕವೇ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ ತಾಲ್ಲೂಕಿನ ಮುನವಳ್ಳಿಗೂ ರಾಮದುರ್ಗಕ್ಕೂ ನೀರು ನುಗ್ಗಿತ್ತು. ಅಂಥ ನೀರು ಕಂಡ ಗಾಡಿಯ ಆಯಿಲ್ ಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಸಿಲಿಂಡರಿನೊಳಗೆ ನದಿಯ ರಾಡಿ ಒಣಗಿ ಗಟ್ಟಿಯಾಗಿರುತ್ತದೆ. ಅದಕ್ಕೆ ಮುಂದೆ ಹೇಳುವ ಯಾವ ಉಪಾಯವೂ ಸಾಲದು. ಹೆಡ್ ಇಳಿಸಿ, ಸಂಪು ಬಿಚ್ಚಿ, ತೊಳೆದೇ ಜೋಡಿಸಬೇಕು. ಹಳೆಯ ಕಾರು ಕೊಳ್ಳುವವರು ಸೀಟಿನ ಕೆಳಗಿನ ಮೂಲೆಗಳಲ್ಲಿ ಕೆಸರಿನ ಗೆರೆ ಇದೆಯೇ ಎಂದು ಹುಡುಕುವುದು ಇದಕ್ಕಾಗಿಯೇ.

ಕೆಲಸ ಶುರುವಾಗುವುದು ಇಂಧನದಿಂದ. ತೆರೆದ ಟ್ಯಾಂಕಿನಿಂದ ಪೆಟ್ರೋಲಿನ ಚುರುಕು ವಾಸನೆಯ ಬದಲು ಹಳೆಯ ಬಣ್ಣದ ಡಬ್ಬಿಯ ಹುಳಿ ವಾಸನೆ ಬಂದರೆ ಅದರ ಒಂದು ಹನಿಯೂ ಎಂಜಿನ್ನಿಗೆ ಹೋಗಬಾರದು. ಪೆಟ್ರೋಲಿನ ಹಗುರ ಭಾಗ ಕೆಲವೇ ತಿಂಗಳಲ್ಲಿ ಹಾರಿಹೋಗಿ, ಉಳಿದದ್ದು ಗಾಳಿಯ ಸಂಗಡ ಬೆರೆತು ಅಂಟಾಗುತ್ತದೆ. ಆ ಅಂಟು ಕಾರ್ಬುರೇಟರಿನ ಕೂದಲೆಳೆಯಂಥ ಜೆಟ್ಟುಗಳನ್ನು ಮುಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದು ವಾಲ್ವಿನ ಕಾಂಡಕ್ಕೆ ಹಿಡಿಯುವ ಅಂಟು. ಹಳೆಯ ಪೆಟ್ರೋಲಿನಲ್ಲೇ ಹೇಗೋ ಚಾಲು ಆದ ಎಂಜಿನ್ ಆರಿ ತಣ್ಣಗಾದ ಮೇಲೆ ವಾಲ್ವ್ ಗೈಡಿನಲ್ಲಿ ಬಿಗಿದುಕೊಂಡು, ಮರುದಿನದ ಸೆಲ್ಫಿಗೆ ಪುಶ್‌ರಾಡ್ ಬಾಗಿದ ಉದಾಹರಣೆಗಳಿವೆ.

ಇತ್ತೀಚೆಗೆ ನಿಂತ ಕಾರುಗಳಲ್ಲಿ ಎಥೆನಾಲ್ ಪ್ರಶ್ನೆಯೂ ಸೇರಿದೆ. 2022ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಸರಾಸರಿ ಶೇ 10ರಷ್ಟು ಎಥೆನಾಲ್ ಬೆರೆತಿತ್ತು. ಶೇ 20 ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿ, ಈಗ ಎಲ್ಲ ಬಂಕುಗಳಲ್ಲೂ ಅದೇ ಇದೆ. ಮಲಪ್ರಭೆಯ ನೀರಿನಲ್ಲಿ ಕಬ್ಬು ಬೆಳೆವ ಸೀಮೆಗೆ ಎಥೆನಾಲ್ ಆದಾಯದ ಮಾತು. ನಿಂತ ಕಾರಿನ ಟ್ಯಾಂಕಿಗೆ ಮಾತ್ರ ಅದು ತಾಪತ್ರಯ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಎಂಜಿನ್ನಿಗೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಜೊತೆಗೆ, ಎಥೆನಾಲನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಹಳೆಯ ರಬ್ಬರ್ ಭಾಗಗಳು ಅದರಿಂದ ಉಬ್ಬಿ ಮೆತ್ತಗಾಗುತ್ತವೆ.

ಆದ್ದರಿಂದ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ತುಕ್ಕು ಉದುರುತ್ತಿದ್ದರೆ ಇಳಿಸಿ ತೊಳೆಸಬೇಕು. ನಳಿಕೆಯನ್ನು ಬಾಯಿಂದ ಎಳೆಯುವ ರೂಢಿ ಅಪಾಯದ್ದು, ಶ್ವಾಸಕೋಶಕ್ಕೆ ಇಳಿದ ಒಂದು ಗುಟುಕು ಪೆಟ್ರೋಲ್ ಆಸ್ಪತ್ರೆ ಸೇರಿಸಬಲ್ಲದು. ಫಿಲ್ಟರ್, ರಬ್ಬರ್ ನಳಿಕೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹೊಸದಾಗಬೇಕು. ಕಾರ್ಬುರೇಟರ್ ಬಿಚ್ಚಿ ಜೆಟ್ಟುಗಳನ್ನು ಗಾಳಿ ಊದಿ ಸ್ವಚ್ಛ ಮಾಡಬೇಕು. ಜೆಟ್ಟಿಗೆ ತಂತಿ ತೂರಿಸುವವರು ಅದರ ಅಳತೆಯನ್ನೇ ಕೆಡಿಸುತ್ತಾರೆ. ಡೀಸೆಲ್ ಗಾಡಿಯಲ್ಲಿ ಅಂಟಿನ ಕಾಟ ಕಡಿಮೆ, ನೀರಿನ ಕಾಟ ಹೆಚ್ಚು: ಟ್ಯಾಂಕಿನ ತಳದ ನೀರಿಗೂ ಡೀಸೆಲಿಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಅದನ್ನು ತೆಗೆದು, ಫಿಲ್ಟರ್ ಬದಲಿಸಿ, ಕೈಪಂಪಿನಿಂದ ಒತ್ತಿ ಪೈಪಿನಲ್ಲಿ ಹಿಡಿದ ಗಾಳಿ ತೆಗೆದ ಮೇಲೇ ಮುಂದಿನ ಮಾತು.

ಇಂಧನದ ಕೆಲಸ ಮುಗಿದ ಮೇಲೆ ಎಂಜಿನ್ ತಿರುಗಿಸುವುದು. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಘಟ್ಟ ಇದು, ಅವಸರ ಮಾಡುವವರು ಹೆಚ್ಚಿರುವ ಘಟ್ಟವೂ ಇದೇ. ಹೊಳೆದಂಡೆಯಲ್ಲಿ ಹ್ಯಾಂಡಲ್ ಹೊಡೆದು ಡೀಸೆಲ್ ಪಂಪ್ ನಡೆಸಿದ ರೈತರಿಗೆ ಇದರ ಹಿಂದಿನ ತರ್ಕ ಗೊತ್ತು. ಬಹಳ ದಿನ ನಿಂತ ಪಂಪಿಗೆ ಅವರು ಮೊದಲು ಡಿಕಂಪ್ರೆಷನ್ ಲಿವರ್ ಎತ್ತಿ, ಒತ್ತಡವಿಲ್ಲದಂತೆ ಹಗುರಾಗಿ ಹತ್ತಾರು ಸುತ್ತು ತಿರುಗಿಸುತ್ತಾರೆ. ಎಣ್ಣೆ ಹರಿದ ಮೇಲೆ ಲಿವರ್ ಬಿಟ್ಟು ಚಾಲು ಮಾಡುತ್ತಾರೆ. (ಇಂಥ ಎಷ್ಟೋ ಪಂಪುಗಳ ಮೇಲೆ ಕಾಣುವ ಕಿರ್ಲೋಸ್ಕರ್ ಹೆಸರಿನ ಉದ್ಯಮ ಕಟ್ಟಿದ ಲಕ್ಷ್ಮಣರಾವ್ 1869ರಲ್ಲಿ ಹುಟ್ಟಿದ್ದು ಸವದತ್ತಿಯ ಬಳಿಯ ಗುರ್ಲಹೊಸೂರಿನಲ್ಲಿ.) ಕಾರಿಗೆ ಆ ಲಿವರ್ ಇಲ್ಲ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರೆ ಅದೇ ಕೆಲಸ ಆಗುತ್ತದೆ. ಡೀಸೆಲ್ಲಿನಲ್ಲಿ ಹೀಟರ್ ಪ್ಲಗ್ಗನ್ನೋ ಇಂಜೆಕ್ಟರನ್ನೋ ತೆಗೆಯುತ್ತಾರೆ.

ಪ್ಲಗ್ ಬಿಚ್ಚುವ ಮುಂಚೆ ಸುತ್ತಲಿನ ಮಣ್ಣನ್ನು ಗಾಳಿ ಊದಿ ತೆಗೆಯಬೇಕು, ಯಾವ ವೈರ್ ಯಾವ ಸಿಲಿಂಡರಿನದು ಎಂದು ಗುರುತು ಹಾಕಬೇಕು. ಪ್ರತಿ ರಂಧ್ರಕ್ಕೂ ಒಂದೆರಡು ಚಮಚ ತೆಳು ಎಂಜಿನ್ ಆಯಿಲ್ ಬಿಟ್ಟು ಕನಿಷ್ಠ ಒಂದು ರಾತ್ರಿ ಬಿಡಬೇಕು. ಗಿಯರ್‌ಬಾಕ್ಸಿನ ತೆಳು ಎಣ್ಣೆ, ಡೀಸೆಲ್ ಬೆರೆಸಿದ ಎಣ್ಣೆ ಎಂದು ಒಬ್ಬೊಬ್ಬ ಮಿಸ್ತ್ರಿಗೆ ಒಂದೊಂದರ ಮೇಲೆ ನಂಬಿಕೆ. ಎಣ್ಣೆ ಯಾವುದು ಎನ್ನುವುದಕ್ಕಿಂತ ಎಷ್ಟು ಹೊತ್ತು ಬಿಟ್ಟರು ಎನ್ನುವುದೇ ಮುಖ್ಯ. ಮರುದಿನ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲಿ ಮೆಲ್ಲಗೆ ಒತ್ತಬೇಕು. ಅಂಬಾಸಿಡರಿಗೆ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸುವ ಸೌಕರ್ಯವಿತ್ತು. ಹ್ಯಾಂಡಲ್ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಹಿಂದೆ-ಮುಂದೆ ತೂಗಾಡಿಸುತ್ತ ಬಿಡಿಸಿಕೊಳ್ಳಬಹುದು. ಅಲುಗದಿದ್ದರೆ ಇನ್ನಷ್ಟು ಎಣ್ಣೆ, ಇನ್ನೆರಡು ದಿನ. ವಾರ ಕಳೆದರೂ ಜಗ್ಗದ ಎಂಜಿನ್ನಿನ ಹೆಡ್ ಬಿಚ್ಚಿ ನೋಡುವುದೇ ಸರಿ.

ಟಾಪ್ ಗಿಯರಿಗೆ ಹಾಕಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು ಹಳ್ಳಿಗಳಲ್ಲಿ ಬಲು ಜನಪ್ರಿಯ ಚಿಕಿತ್ಸೆ. ಜಾಮ್ ಆದ ಎಂಜಿನ್ನಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಟ್ರ್ಯಾಕ್ಟರಿನ ಬಲದ ಮುಂದೆ ರಿಂಗ್, ಪಿಸ್ಟನ್, ಕನೆಕ್ಟಿಂಗ್ ರಾಡ್ ಯಾವುದೂ ಲೆಕ್ಕಕ್ಕಿಲ್ಲ. ಮಾರುತಿ 800ರಂಥ ಕಾರುಗಳಲ್ಲಿ ಇನ್ನೊಂದು ತೊಡಕಿದೆ: ಅಂಬಾಸಿಡರಿನಲ್ಲಿ ಕ್ಯಾಮ್ ತಿರುಗಿಸುವುದು ಉಕ್ಕಿನ ಚೈನು, ಮಾರುತಿಯಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಒಣಗಿದ ಬೆಲ್ಟು ನೋಡಲು ಗಟ್ಟಿಯಾಗೇ ಇದ್ದು, ತಿರುಗಿದಾಗ ಹಲ್ಲು ಕಳಚಿಕೊಳ್ಳುತ್ತದೆ. ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡದೆ, ವಯಸ್ಸು ನೋಡಿ ಅದನ್ನು ಬದಲಿಸಬೇಕು.

ಎಂಜಿನ್ ಸರಾಗವಾಗಿ ಎರಡು ಸುತ್ತು ತಿರುಗಿದ ಮೇಲೆ ಹಳೆಯ ಎಣ್ಣೆ ಇಳಿಸಿ, ಹೊಸ ಎಣ್ಣೆ ಮತ್ತು ಆಯಿಲ್ ಫಿಲ್ಟರ್ ಹಾಕಬೇಕು. ಇಳಿಸುವಾಗ ಮೊದಲು ನೀರು ಬಂದರೆ, ಮತ್ತು ಕಾರು ನೆರೆ ಕಂಡಿಲ್ಲ ಎಂಬುದು ಖಚಿತವಿದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬಹುದು. ರೇಡಿಯೇಟರಿನ ನೀರನ್ನೂ ಪೂರ್ತಿ ತೆಗೆದು ತೊಳೆಯಬೇಕು. ಈ ಭಾಗದ ಬೋರ್‌ವೆಲ್ಲುಗಳ ಗಡಸು ನೀರು ಕಾದಾಗ ಬಿಳಿ ಪದರ ಕಟ್ಟುವುದನ್ನು ಮನೆಯ ಹಂಡೆಯಲ್ಲೇ ಕಾಣಬಹುದು. ಅದನ್ನೇ ರೇಡಿಯೇಟರಿಗೆ ಸುರಿಯುತ್ತ ಬಂದಿದ್ದರೆ ಸಣ್ಣ ಕೊಳವೆಗಳು ಮುಚ್ಚಿರುತ್ತವೆ. ಕೂಲಂಟ್ ಬೆರೆಸಿದ ಡಿಸ್ಟಿಲ್ಡ್ ನೀರೇ ಹಾಕಬೇಕು. ಮೇಲಿನ, ಕೆಳಗಿನ ಹೋಸ್ ಪೈಪು ಮತ್ತು ಫ್ಯಾನ್ ಬೆಲ್ಟು ಹೊಸವಿರಲಿ.

ಬ್ಯಾಟರಿಯ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಚಾರ್ಜ್ ಇಲ್ಲದೆ ವರ್ಷಗಟ್ಟಲೆ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಗಟ್ಟಿರುತ್ತದೆ; ಅದು ಚೇತರಿಸಿಕೊಳ್ಳುವುದಿಲ್ಲ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟಿನ ತುದಿಗಳ ಮೇಲೆ ಪೊರೆ ಕಟ್ಟಿ ಕಿಡಿಯೇ ಹುಟ್ಟದಿರುವುದು ಮಾಮೂಲು. ನುಣುಪಾದ ಎಮರಿ ಕಾಗದದಿಂದ ಉಜ್ಜಿ, ಅಂಬಾಸಿಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರು 0.4 ಮಿಲಿಮೀಟರ್ ಸಂದು ಬಿಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಕಿಡಿ ಮರಳುತ್ತದೆ.

ಮೊದಲ ಸೆಲ್ಫ್ ಹೊಡೆಯುವಾಗಲೂ ಪ್ಲಗ್ಗುಗಳು ಹೊರಗೇ ಇರಬೇಕು. ಕಾಯಿಲಿನ ವೈರ್ ಕಿತ್ತಿಟ್ಟು, ಪೆಟ್ರೋಲ್ ಬರದಂತೆ ಮಾಡಿ, ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಹೊದಿಸಿ ಹತ್ತು ಸೆಕೆಂಡಿನಂತೆ, ನಡುನಡುವೆ ಬಿಡುವು ಕೊಟ್ಟು ತಿರುಗಿಸಬೇಕು. ಬಿಟ್ಟಿದ್ದ ಎಣ್ಣೆ ಚಿಮ್ಮಿ ಹೊರಬರುತ್ತದೆ. ಅಷ್ಟರಲ್ಲಿ ಆಯಿಲ್ ಪಂಪು ಎಲ್ಲ ಬೇರಿಂಗಿಗೂ ಎಣ್ಣೆ ತಲುಪಿಸಿ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರುತ್ತದೆ. ಆ ದೀಪ ಆರದೆ ಪ್ಲಗ್ ಹಾಕಬಾರದು. ಇಷ್ಟು ಮಾಡಿದವರು ಅಪಾಯದ ಮುಕ್ಕಾಲು ಪಾಲು ದಾಟಿದ್ದಾರೆ.

ಆಮೇಲೆ ಪ್ಲಗ್, ವೈರ್ ಜೋಡಿಸಿ, ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು ಚಾಲು ಮಾಡಬೇಕು. ಮುಚ್ಚಿದ ಗೋದಾಮಿನಲ್ಲಿ ಎಂಜಿನ್ ಓಡಿಸಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತಾಗುತ್ತದೆ. ಕೈಗೆ ನಿಲುಕುವಂತೆ ಮರಳಿನ ಬಕೆಟ್ ಇರಬೇಕು. ಎಂಜಿನ್ ಹಿಡಿದುಕೊಂಡ ಕೂಡಲೇ ಗುರ್‌ ಎನಿಸಿ ರೇಸ್ ಕೊಡುವ ಚಪಲ ಒಳ್ಳೆಯದಲ್ಲ. ಸಾಧಾರಣ ವೇಗದಲ್ಲಿ ಬಿಟ್ಟು ಆಯಿಲ್ ದೀಪ, ಬಿಸಿಯ ಮುಳ್ಳು, ಸೋರಿಕೆ ಮೂರನ್ನೂ ನೋಡುತ್ತಿರಬೇಕು. ಐದಾರು ಸೆಕೆಂಡಿನಲ್ಲಿ ಆಯಿಲ್ ದೀಪ ಆರದಿದ್ದರೆ ಚಾವಿ ತಿರುಗಿಸಿ ಆರಿಸಬೇಕು. ಮೊದಲ ಹತ್ತು ನಿಮಿಷ ನೀಲಿ ಹೊಗೆ ಬಂದರೆ ಗಾಬರಿ ಬೇಡ, ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಡುತ್ತಿದೆ ಅಷ್ಟೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ನೀಲಿ ಹೊಗೆ ಹೋಗದಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ ಎಂದರ್ಥ. ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ ಬರುತ್ತಿದೆ, ಕಾರ್ಬುರೇಟರ್ ಇನ್ನೊಮ್ಮೆ ನೋಡಬೇಕು. ಟ್ಯಾಪೆಟ್ಟಿನ ಟಕಟಕ ಸದ್ದು ಎಣ್ಣೆ ಏರಿದಂತೆ ತಗ್ಗುತ್ತದೆ, ಕೆಳಗಿನಿಂದ ಬರುವ ದಪ್ಪ ಬಡಿತ ತಗ್ಗುವುದಿಲ್ಲ. ಅದು ಬೇರಿಂಗಿನದು, ಕೂಡಲೇ ನಿಲ್ಲಿಸಬೇಕು.

ಎಂಜಿನ್ ಓಡಿತೆಂದು ಗಾಡಿ ರಸ್ತೆಗೆ ಸಿದ್ಧವಾದಂತಲ್ಲ. ಬ್ರೇಕ್ ಆಯಿಲ್ ತೇವ ಹೀರುವ ಗುಣದ್ದು, ಚಕ್ರಗಳ ಸಿಲಿಂಡರು ಒಳಗೇ ತುಕ್ಕು ಹಿಡಿದಿರುತ್ತದೆ. ನಾಲ್ಕನ್ನೂ ಬಿಚ್ಚಿ ರಬ್ಬರ್ ಬದಲಿಸದೆ ಹೊರಡಬಾರದು. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡು ಗಿಯರ್ ಬೀಳದಿರುವುದೂ ಇದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ ಟೈರಿನ ಹಲ್ಲು ಎಷ್ಟೇ ಉಳಿದಿದ್ದರೂ ಹೆದ್ದಾರಿಗೆ ನಂಬಿ ಒಯ್ಯುವಂತಿಲ್ಲ.

ಕಾಗದಪತ್ರದ ಲೆಕ್ಕವನ್ನು ಗ್ಯಾರೇಜಿನ ಖರ್ಚಿಗೆ ಮೊದಲೇ ಹಾಕುವುದು ಜಾಣತನ. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಆ ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹಸಿರು ತೆರಿಗೆ, ಥರ್ಡ್ ಪಾರ್ಟಿ ವಿಮೆ, ಹೊಗೆ ತಪಾಸಣೆ ಬೇರೆ. ಕಾರು ತೀರಿಕೊಂಡವರ ಹೆಸರಿನಲ್ಲಿದ್ದರೆ ವಾರಸುದಾರರು ಫಾರ್ಮ್ 31 ತುಂಬಿ ಮೊದಲು ಮಾಲೀಕತ್ವ ಬದಲಿಸಿಕೊಳ್ಳಬೇಕು. ವಿಮೆ ಇಲ್ಲದ ಗಾಡಿಯನ್ನು ಕೆಎ-24ರ ಬೈಲಹೊಂಗಲ ಸಾರಿಗೆ ಕಚೇರಿಯವರೆಗೂ ಓಡಿಸಿಕೊಂಡು ಹೋಗುವಂತಿಲ್ಲ. ಅಣ್ಣತಮ್ಮಂದಿರ ಸಹಿ ಬೀಳದೆ ಎಂಜಿನ್ ಮೇಲೆ ಸುರಿದ ಹಣ ಬಹುಪಾಲು ನೀರಿನಲ್ಲಿ ಹೋದಂತೆಯೇ.

ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಮತ್ತು ಫಿಲ್ಟರನ್ನು ಇನ್ನೊಮ್ಮೆ ಬದಲಿಸಬೇಕು, ಬಿಡಿಸಿಕೊಂಡ ತುಕ್ಕು-ಕೊಳೆಯೆಲ್ಲ ಅಷ್ಟರಲ್ಲಿ ಅಲ್ಲಿಗೆ ಇಳಿದಿರುತ್ತದೆ. ಮತ್ತೆ ತಿಂಗಳುಗಟ್ಟಲೆ ನಿಲ್ಲಿಸುವ ಪ್ರಸಂಗ ಬಂದರೆ ಹೊಸ ಎಣ್ಣೆ ಹಾಕಿ, ಕಾರ್ಬುರೇಟರ್ ಖಾಲಿ ಮಾಡಿ, ಬ್ಯಾಟರಿ ಕಳಚಿ, ಸೈಲೆನ್ಸರಿನ ಬಾಯಿ ಕಟ್ಟಿ ನಿಲ್ಲಿಸುವುದು ಕ್ರಮ. ವಾರಕ್ಕೊಮ್ಮೆ ಎರಡು ನಿಮಿಷ ಚಾಲು ಮಾಡಿ ಆರಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು: ಇಂಧನ ಉರಿದಾಗ ಹುಟ್ಟುವ ನೀರು, ಎಂಜಿನ್ ಪೂರ್ತಿ ಕಾಯದ ಕಾರಣ, ಆವಿಯಾಗಿ ಹೋಗದೆ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಚಾಲು ಮಾಡುವುದಾದರೆ ಹದಿನೈದು ದಿನಕ್ಕೊಮ್ಮೆ, ಅರ್ಧ ಗಂಟೆಯಾದರೂ ರಸ್ತೆಯ ಮೇಲೆ ಓಡಿಸಿ ತರಬೇಕು.